ಹೇರು ಬೇರೆ, ಎಳೆತ ಬೇರೆ: ಕನ್ನಂಬಾಡಿಯ ಎತ್ತುಗಳಿಂದ ಡಲ್ಲಾಸ್‌ನ ಪಿಕಪ್‌ವರೆಗೆ

ಇದು ಈ ವಾರದ ಮಾತಿನ ಬರಹರೂಪ. ವಿಡಿಯೋದಲ್ಲಿ ಅವಸರದಲ್ಲಿ ಹೇಳಿದ ಲೆಕ್ಕವನ್ನ ಇಲ್ಲಿ ನಿಧಾನವಾಗಿ ಬಿಡಿಸಿ ಬರೆದಿದೀನಿ.

ಶುರುವಾಗಿದ್ದು ಒಂದು ಫೋನಿನಿಂದ. ಡಲ್ಲಾಸ್‌ನಲ್ಲಿರೋ ನಮ್ಮಕ್ಕನ ಮಗ ಮಾಡಿದ್ದ. ಇಲ್ಲಿ ಶಂಶಾಬಾದ್‌ನಲ್ಲಿ ನಾನು ಆಫೀಸಿಗೆ ಹೊರಡೋ ಹೊತ್ತು, ಅಲ್ಲಿ ಅವನಿಗೆ ರಾತ್ರಿ.

"ಮಾವ, ಪಿಕಪ್ ತಗೊಂಡಾಯ್ತು. ಈಗ ಟ್ರಾವೆಲ್ ಟ್ರೈಲರ್ ನೋಡ್ತಿದೀನಿ. ಗಾಡಿ 5,000 ಕೆ.ಜಿ. ಎಳೆಯುತ್ತೆ ಅಂತ ಬರೆದಿದಾರೆ. ಟ್ರೈಲರ್ ಪೂರ್ತಿ ತುಂಬಿದ್ರೂ 3,200. ಆರಾಮಲ್ವಾ?"

"ಡ್ರೈವರ್ ಬಾಗಿಲು ತೆಗೆದು, ಚೌಕಟ್ಟಿನ ಮೇಲೆ ಅಂಟಿಸಿರೋ ಚೀಟೀಲಿ ಏನಿದೆ ನೋಡು" ಅಂದೆ.

"ಜನ ಮತ್ತು ಸಾಮಾನು ಸೇರಿ 680 ಕೆ.ಜಿ. ಅಂತಿದೆ. ಅದು ಗಾಡಿ ಒಳಗೆ ಹಾಕೋದಕ್ಕಲ್ವಾ ಮಾವ? ನಾನು ಎಳೀತಿರೋದು."

ಇದೇ ಜಾಗದಲ್ಲಿ ಬಹಳ ಜನ ಎಡವೋದು. ನನಗೆ ತಕ್ಷಣ ನೆನಪಾಗಿದ್ದು ನಮ್ಮ ತಾತನ ಎತ್ತಿನಗಾಡಿ.

ಮೂಕಿಯ ಮೇಲಿನ ಭಾರ

ನಮ್ಮದು ಮಂಡ್ಯ ಕಡೆ. ತಾತ ಗಾಡಿಗೆ ಮೂಟೆ ಹೇರಿದ ಮೇಲೆ ನೇರವಾಗಿ ಎತ್ತು ಕಟ್ಟುತ್ತಿರಲಿಲ್ಲ. ಮೊದಲು ಮೂಕಿ ಹಿಡಿದು ಎತ್ತಿ ನೋಡೋರು. ತೀರಾ ಭಾರ ಅನ್ನಿಸಿದರೆ ಮುಂದಿನ ಒಂದು ಮೂಟೆ ಹಿಂದಕ್ಕೆ ಹೋಗೋದು. ತೀರಾ ಹಗುರ ಅನ್ನಿಸಿದರೆ ಹಿಂದಿಂದು ಮುಂದಕ್ಕೆ ಬರೋದು.

ಎರಡು ಚಕ್ರದ ಗಾಡಿ ಅಚ್ಚಿನ ಮೇಲೆ ನಿಂತ ತಕ್ಕಡಿ ಇದ್ದ ಹಾಗೆ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನ ಒತ್ತುತ್ತೆ. ಎತ್ತು ಎಳೆಯೋ ಕೆಲಸದ ಜೊತೆಗೆ ಹೊರೋ ಕೆಲಸವನ್ನೂ ಮಾಡಬೇಕಾಗುತ್ತೆ. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳಿನ ಹಗ್ಗ ಬಿಗಿಯುತ್ತೆ. ನಾನು ಚಿಕ್ಕವನಿದ್ದಾಗ ಒಂದ್ಸಲ ಏರಿನಲ್ಲಿ ಮೂಟೆಗಳು ಹಿಂದಕ್ಕೆ ಜಾರಿ, ಮೂಕಿ ಎದ್ದು, ಎತ್ತಿನ ಕಣ್ಣು ಹೊರಗೆ ಬಂದ ಹಾಗಾಗಿತ್ತು. ತಾತ ಬಂಡಿ ಮೇಲಿಂದ ಹಾರಿ ಮೂಕಿಗೆ ಜೋತುಬಿದ್ದರು. ಆ ಗಾಡಿಯಲ್ಲಿದ್ದ ಒಟ್ಟು ತೂಕ ದಿನಾ ಇರುತ್ತಿದ್ದಷ್ಟೇ. ಕೆಟ್ಟದ್ದು ತೂಕ ಕೂತ ಜಾಗ.

ಕನ್ನಂಬಾಡಿ, 1791

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1791ರ ಮಾರ್ಚ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟ. ಅವನ ಜೊತೆ ನಿಜಾಮರ ಸಾವಿರಾರು ಕುದುರೆ ಸವಾರರಿದ್ದರು. ಅಂದ್ರೆ ನಾವೀಗ ಬಾಡಿಗೆ ಕಟ್ಟಿಕೊಂಡಿರೋ ಈ ಸೀಮೆಯವರು!

ಕೋಟೆ ಒಡೆಯೋಕೆ ಭಾರಿ ಫಿರಂಗಿ ಬೇಕು. 24 ಪೌಂಡಿನ ಗುಂಡು ಹಾರಿಸೋ ಕಬ್ಬಿಣದ ಒಂದು ಫಿರಂಗಿಯ ತೂಕ ಸುಮಾರು ಎರಡೂವರೆ ಟನ್. ಅದನ್ನ ಎಳೆಯೋಕೆ ಹತ್ತಾರು ಜೋಡಿ ಎತ್ತು, ಕೆಸರಲ್ಲಿ ಸಿಕ್ಕರೆ ಹಿಂದಿನಿಂದ ಹಣೆ ಕೊಟ್ಟು ತಳ್ಳೋಕೆ ಆನೆ. ಎಳೆಯೋ ಲೆಕ್ಕ ಕಾಗದದ ಮೇಲೆ ಸರಿಯಾಗೇ ಇತ್ತು.

ತಪ್ಪಿದ್ದು ಹೊರೋ ಲೆಕ್ಕ. ಎಳೆಯೋ ಎತ್ತಿಗೆ ಮೇವು ಬೇಕು. ಸೈನಿಕರಿಗೆ ಅಕ್ಕಿ ಬೇಕು. ಅದನ್ನ ಬೆನ್ನ ಮೇಲೆ ತರೋದು ಹೇರೆತ್ತುಗಳು, ಅವಕ್ಕೂ ಮೇವು ಬೇಕು. ಟಿಪ್ಪು ದಾರಿಯುದ್ದದ ಮೇವು, ಧಾನ್ಯ ಸುಡಿಸಿದ್ದ. ಇದ್ದಬದ್ದ ಹುಲ್ಲಿನಲ್ಲಿ ನಿಜಾಮರ ಕುದುರೆಗಳಿಗೂ ಪಾಲು ಹೋಯ್ತು. ಮೇಲೆ ಮಳೆ ಹಿಡೀತು, ರೋಗ ಬಂತು. ಮೇ 15ರಂದು ಅರಕೆರೆ ಹತ್ತಿರದ ಯುದ್ಧದಲ್ಲಿ ಕಾರ್ನ್‌ವಾಲಿಸ್ ಗೆದ್ದ. ಆದರೆ ನದಿಗುಂಟ ಕನ್ನಂಬಾಡಿ ತಲುಪೋ ಹೊತ್ತಿಗೆ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು. ಗೆದ್ದ ಸೇನಾಪತಿ ತನ್ನ ಭಾರಿ ಫಿರಂಗಿಗಳನ್ನ ತಾನೇ ನಾಶ ಮಾಡಿ ಬೆಂಗಳೂರಿನ ಕಡೆ ತಿರುಗಿದ. ಇವತ್ತು ನಾವು ಕೆ.ಆರ್.ಎಸ್. ನೋಡೋಕೆ ಹೋಗ್ತೀವಲ್ಲ, ಅದೇ ಕನ್ನಂಬಾಡಿ. ಹಳೇ ಊರು ಅಣೆಕಟ್ಟಿನ ನೀರಿನಡಿ ಇದೆ.

ಮುಂದಿನ ಸಲ ಅವನು ಆ ತಪ್ಪು ಮಾಡಲಿಲ್ಲ. ಬಂಜಾರರನ್ನ ಗೊತ್ತು ಮಾಡಿಕೊಂಡು, ಅವರ ಹೇರೆತ್ತುಗಳ ಮೇಲೆ ಧಾನ್ಯ ಬರೋ ಹಾಗೆ ನೋಡಿಕೊಂಡ. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮುಂದೆ ಮತ್ತೆ ಬಂದು ನಿಂತ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯ್ತು. ಶಂಶಾಬಾದ್ ಸುತ್ತಮುತ್ತಲಿನ ತಾಂಡಾಗಳನ್ನ ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತೆ. ದಖ್ಖನ್ನಿನ ಯುದ್ಧಗಳ ಪೇಲೋಡ್ ಹೊತ್ತಿದ್ದು ಇವರ ಹಿರಿಯರ ಎತ್ತುಗಳು.

ಒಂದೇ ಎತ್ತು, ಎರಡು ಅಂಕಿ

ನಮ್ಮ ದೇಶದಲ್ಲಿ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯೋಕೆ 1965ರಲ್ಲಿ ಮಾಡಿದ ನಿಯಮಗಳಿವೆ. ಅದರ ಪಟ್ಟಿ ನೋಡಿ. ದೊಡ್ಡ ಎತ್ತಿನ ಬೆನ್ನ ಮೇಲೆ ಹೇರಬಹುದಾದ್ದು 175 ಕೆ.ಜಿ. ಅದೇ ಎತ್ತು ಗಾಳಿ ಟೈರಿಲ್ಲದ ಎರಡು ಚಕ್ರದ ಗಾಡಿಯಲ್ಲಿ 900 ಕೆ.ಜಿ. ಎಳೀಬಹುದು. ಗಾಡಿಗೆ ಬಾಲ್ ಬೇರಿಂಗ್ ಇದ್ದರೆ 1,800.

ಎತ್ತು ಒಂದೇ, ಕಾಲು ನಾಲ್ಕೇ. ಚಕ್ರ, ಬೇರಿಂಗ್ ಬದಲಾದರೆ ಎಳೆಯೋ ಅಂಕಿ ಎರಡರಷ್ಟಾಯ್ತು. ಬೆನ್ನಿನ ಅಂಕಿ ಒಂದು ಕೆ.ಜಿ.ಯೂ ಏರಲಿಲ್ಲ. ಐ.ಐ.ಎಂ. ಬೆಂಗಳೂರಿನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನಗಾಡಿ ಸುಧಾರಣೆಗೆ ವರ್ಷಗಟ್ಟಲೆ ದುಡಿದರು. ಮ್ಯಾನೇಜ್‌ಮೆಂಟ್ ಸಂಸ್ಥೆ ಕಟ್ಟಿದವರು ಎತ್ತಿನ ಹೆಗಲಿನ ಹುಣ್ಣಿನ ಬಗ್ಗೆ ಯಾಕೆ ತಲೆಕೆಡಿಸಿಕೊಂಡರು ಅಂತ ನಗಬೇಡಿ. ಅದು ಅಪ್ಪಟ ಲೋಡ್ ಬ್ಯಾಲೆನ್ಸಿಂಗ್ ಸಮಸ್ಯೆ.

ಈಗ ಡಲ್ಲಾಸ್‌ನ ಲೆಕ್ಕ

ನಮ್ಮ ಏರ್‌ಪೋರ್ಟ್‌ನಲ್ಲಿ ವಿಮಾನದ ಕಿಟಕಿಯಿಂದ ನೋಡಿ. ಪುಟ್ಟ ಟ್ರ್ಯಾಕ್ಟರ್ ಒಂದು ಲಗೇಜ್ ಬಂಡಿಗಳ ಸಾಲನ್ನೇ ಎಳ್ಕೊಂಡು ಹೋಗುತ್ತೆ. ಆ ಬಂಡಿಗಳಿಗೆ ನಾಲ್ಕು ಚಕ್ರ. ತಮ್ಮ ತೂಕ ತಾವೇ ಹೊರುತ್ತವೆ, ಟ್ರ್ಯಾಕ್ಟರ್ ಬರೀ ಎಳೀಬೇಕು.

ಟ್ರಾವೆಲ್ ಟ್ರೈಲರ್ ಹಾಗಲ್ಲ. ಅದರ ಚಕ್ರಗಳು ನಡುವೆ, ಸ್ವಲ್ಪ ಹಿಂದಕ್ಕೆ. ಹಾಗಾಗಿ ಅದು ತಾತನ ಗಾಡಿ ಥರ ಮೂಕಿ ಊರುತ್ತೆ. ಅದನ್ನ ಟಂಗ್ ವೆಯ್ಟ್ ಅಂತಾರೆ. ಟ್ರೈಲರ್‌ನ ಒಟ್ಟು ತೂಕದಲ್ಲಿ 10ರಿಂದ 15 ಶೇಕಡಾ ಪಿಕಪ್‌ನ ಕೊಕ್ಕೆ ಮೇಲೆ ಕೂರಬೇಕು. ಕಮ್ಮಿಯಾದರೆ ಹೈವೇಲಿ ಟ್ರೈಲರ್ ಬಾಲ ಅಲ್ಲಾಡಿಸಿ ಗಾಡಿಯನ್ನೇ ಉರುಳಿಸಬಹುದು. ಜಾಸ್ತಿಯಾದರೆ ಪಿಕಪ್‌ನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತೆ, ಸ್ಟೀರಿಂಗ್ ಮಾತು ಕೇಳಲ್ಲ. ಕೊಕ್ಕೆ ಮೇಲೆ ಕೂತ ಆ ತೂಕ ಎಳೆತವಲ್ಲ, ಹೇರು. ಅದು ಪೇಲೋಡ್‌ನಿಂದಲೇ ಕಳೆಯುತ್ತೆ.

ಅವನ ಲೆಕ್ಕ ಹೀಗೆ ಬಂತು:

- 3,200 ಕೆ.ಜಿ. ಟ್ರೈಲರ್‌ನ 13 ಶೇಕಡಾ: 416
- ಹಿಚ್, ಅದರ ಸರಂಜಾಮು: 45
- ಗಂಡ, ಹೆಂಡತಿ, ಇಬ್ಬರು ಮಕ್ಕಳು: 270
- ಸೈಕಲ್, ಕೂಲರ್, ಸೌದೆ: 90

ಒಟ್ಟು 821. ಚೀಟೀಲಿರೋದು 680. ಎಳೆಯೋ ಅಂಕಿಯಲ್ಲಿ ಇನ್ನೂ 1,800 ಕೆ.ಜಿ. ಬಾಕಿ ಇದೆ, ಹೊರೋ ಅಂಕಿ ಆಗಲೇ 141 ಕೆ.ಜಿ. ಮೀರಿದೆ.

"ಭಾರ ಹಂಚೋ ಹಿಚ್ ಹಾಕಿಸ್ತೀನಿ ಮಾವ" ಅಂದ. ಅದು ಒಳ್ಳೇದೇ. ಹಿಂದಿನ ಭಾರದಲ್ಲಿ ಸ್ವಲ್ಪವನ್ನ ಮುಂದಿನ ಚಕ್ರಗಳಿಗೂ ಟ್ರೈಲರ್‌ನ ಚಕ್ರಗಳಿಗೂ ಹಂಚುತ್ತೆ. ಆದರೆ ಚೀಟಿಯ ಅಂಕಿಯನ್ನ ಅದು ಏರಿಸಲ್ಲ.

ಆ ಚೀಟಿಗೂ ಒಂದು ಇತಿಹಾಸ ಇದೆ. ಫೈರ್‌ಸ್ಟೋನ್ ಟೈರ್ ಹಾಕಿದ್ದ ಫೋರ್ಡ್ ಎಕ್ಸ್‌ಪ್ಲೋರರ್‌ಗಳು ಉರುಳಿ ಬಹಳ ಜನ ಸತ್ತ ಮೇಲೆ, 2000ದಲ್ಲಿ ಅಮೆರಿಕ ಟ್ರೆಡ್ ಕಾಯ್ದೆ ತಂದಿತು. ಬಾಗಿಲ ಚೀಟಿ ಈಗಿನ ಸ್ಪಷ್ಟ ರೂಪಕ್ಕೆ ಬಂದಿದ್ದು ಅದರ ನಂತರ. ಎಳೆಯೋ ಅಂಕಿಯನ್ನೂ ಮೊದಲು ಒಂದೊಂದು ಕಂಪನಿ ಒಂದೊಂದು ಥರ ಅಳೀತಿತ್ತು. ಎಲ್ಲರಿಗೂ ಒಂದೇ ಅಳತೆಯ ಜೆ2807 ಮಾನದಂಡ 2008ರಲ್ಲಿ ಬಂತು. ಇನ್ನು ನಮ್ಮಲ್ಲಿ, 2019ರ ತಿದ್ದುಪಡಿ ಆದ್ಮೇಲೆ ಮಿತಿ ಮೀರಿ ಹೊರೆ ಹೇರಿದರೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಇಂಥ ಅಂಕಿಗಳ ಹಿಂದೆ ಸಾಮಾನ್ಯವಾಗಿ ಯಾರದೋ ಸಾವು ಇರುತ್ತೆ. ಎತ್ತಿನದೋ, ಮನುಷ್ಯರದೋ.

ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ. 2,000 ಕೆ.ಜಿ.ಯ ಚಿಕ್ಕ ಟ್ರೈಲರ್ ನೋಡಿದಾನಂತೆ. ಅದರ 13 ಶೇಕಡಾ 260, ಉಳಿದದ್ದೆಲ್ಲ ಸೇರಿ 665. ಹದಿನೈದು ಕೆ.ಜಿ. ಮಾತ್ರ ಉಳಿಯುತ್ತೆ.

"ಆ 2,000 ಅನ್ನೋದು ಖಾಲಿ ಟ್ರೈಲರ್‌ದಾ, ತುಂಬಿದ್ದಾ?" ಕೇಳಿದೆ. ಬ್ರೋಷರ್‌ನಲ್ಲಿ ಬರೆಯೋ ಖಾಲಿ ತೂಕದಲ್ಲಿ ನೀರು, ಪಾತ್ರೆ, ಹಾಸಿಗೆ ಸೇರಿರಲ್ಲ. 150 ಲೀಟರ್ ನೀರು ಅಂದ್ರೆನೇ 150 ಕೆ.ಜಿ.

"ತುಂಬಿದ್ದೇ ಮಾವ. ಹೊರಡೋ ಮುಂಚೆ ಟ್ರಕ್ ಸ್ಟಾಪ್‌ನಲ್ಲಿ ತೂಕ ಹಾಕಿಸ್ತೀನಿ. ದೊಡ್ಡ ಟ್ರೈಲರ್‌ನಲ್ಲಿ ಬಂಕ್ ಬೆಡ್ ಇತ್ತು, ಮಗಳು ಎರಡು ದಿನದಿಂದ ಮುಖ ಊದಿಸ್ಕೊಂಡಿದಾಳೆ."

"ಊದಿಸ್ಕೊಳ್ಳಲಿ ಬಿಡು, ಆ ಹುಡುಗಿ ಕೂರೋದು ಅದೇ ಪಿಕಪ್‌ನ ಹಿಂದಿನ ಸೀಟಲ್ಲಿ ತಾನೇ" ಅಂದೆ. ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ, ತಾತ ಮೂಕಿ ಎತ್ತಿ ನೋಡ್ತಿದ್ದಿದ್ದು ನಿಜವಾಗ್ಲೂ ಇದಕ್ಕೇನಾ ಅಂತ ಕೇಳಿದ. ಹೌದಪ್ಪ, ಇದಕ್ಕೇ.