ದೂರದ ಸವಾರಿಯ ಭಾರ

1986ರ ಡಿಸೆಂಬರಿನಲ್ಲಿ ಬಳ್ಳಿಗಾವೆ, ಹುಂಚಗಳ ಶಾಸನಗಳನ್ನು ನೋಡಲೆಂದು ನಾನೂ ನನ್ನ ಸಹೋದ್ಯೋಗಿ ಮಿತ್ರರೊಬ್ಬರೂ ಯೆಜ್ಡಿ ಮೋಟಾರ್ ಸೈಕಲ್ಲಿನಲ್ಲಿ ಮೈಸೂರಿನಿಂದ ಹೊರಟಿದ್ದೆವು. ಹಿಂದಿನ ಕ್ಯಾರಿಯರಿನ ಮೇಲೆ ಹಾಸಿಗೆಯ ಸುರುಳಿ, ಅಚ್ಚು ತೆಗೆಯುವ ಕಾಗದ, ಮಸಿ, ಕುಂಚ. ಎಲ್ಲಕ್ಕೂ ಮೇಲೆ ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳು ಮತ್ತು ಎಂಟನೆಯ ಸಂಪುಟಗಳು. “ಬೇಕಾದ ಪುಟಗಳನ್ನು ನಕಲು ಮಾಡಿಕೊಂಡರೆ ಸಾಲದೇ, ಸಾರ್?” ಎಂದು ಮಿತ್ರರು ಕೇಳಿದ್ದರು. ಗುರುಗಳಿಂದ ಬಂದ ಪುಸ್ತಕಗಳೆಂಬ ಅಭಿಮಾನದಿಂದ ನಾನು ಒಪ್ಪಲಿಲ್ಲ. ರಿಪ್ಪನ್‌ಪೇಟೆ ದಾಟಿದ ಮೇಲೆ ಒಂದು ಮಣ್ಣಿನ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ, ಹಿಡಿ ನನ್ನ ಮಾತು ಕೇಳದಾಯಿತು. ನನಗೆ ಮೊಣಕಾಲು ತರಚಿತು. ಅವರ ಬಲಗೈ ಮುರಿಯಿತು. ಆ ಮೊಣಕೈ ಮತ್ತೆಂದೂ ಪೂರ್ತಿ ನೇರವಾಗಲಿಲ್ಲ. ಕಪ್ಪುಹಲಗೆಯ ಮೇಲ್ಭಾಗದಲ್ಲಿ ಅವರು ಬರೆದುದನ್ನು ಆಮೇಲೆ ನಾನು ಕಂಡಿಲ್ಲ.

ತಪ್ಪು ಯಂತ್ರದ್ದಲ್ಲ. ಹಿಂದಿನ ಅಚ್ಚಿಗಿಂತಲೂ ಹಿಂದಕ್ಕೆ, ಎತ್ತರದಲ್ಲಿ ಕಟ್ಟಿದ ಹೊರೆ ಸನ್ನೆಗೋಲಿನಂತೆ ಮುಂದಿನ ಚಕ್ರವನ್ನು ಎತ್ತುತ್ತದೆ. ಏರಿನಲ್ಲಿ ಇನ್ನಷ್ಟು. ಇಪ್ಪತ್ತು ಲೀಟರ್ ಪೆಟ್ರೋಲ್ ಸುಮಾರು ಹದಿನೈದು ಕಿಲೋ ತೂಗಿದರೂ ಟ್ಯಾಂಕು ಸವಾರನ ಮುಂದಿರುವುದರಿಂದ ಅದು ಅಷ್ಟು ಕಾಡುವುದಿಲ್ಲ; ದಾರಿಯಲ್ಲಿ ಉರಿದು ತಾನೇ ಇಳಿಯುತ್ತದೆ. ಪುಸ್ತಕ ಉರಿಯುವುದಿಲ್ಲವಲ್ಲ.

ದೂರ ಪ್ರಯಾಣದ ವಾಹನಗಳ ತೂಕದ ಚರಿತ್ರೆಯನ್ನು ನಾನು ಹುಡುಕಿ ಓದತೊಡಗಿದ್ದು ಆ ಪತನದ ತರುವಾಯ. ಜರ್ಮನಿಯ ಬಿ.ಎಂ.ಡಬ್ಲ್ಯು. ಕಾರ್ಖಾನೆಯ ಒಂದು ವಂಶಾವಳಿ ಇದಕ್ಕೆ ಒಳ್ಳೆಯ ನಿದರ್ಶನ. ದೂರ ಹೋಗಬಲ್ಲ ದೊಡ್ಡ ಮೋಟಾರ್ ಸೈಕಲ್ಲುಗಳು ಡಾಂಬರು ರಸ್ತೆಗೆಂದೂ, ಮಣ್ಣಿನಲ್ಲಿ ಓಡಬಲ್ಲವು ಹಗುರಾಗಿ ಸಣ್ಣವಾಗಿರಬೇಕೆಂದೂ ಭಾವನೆಯಿದ್ದ ಕಾಲದಲ್ಲಿ, 1980ರಲ್ಲಿ, ಅವರು ‘ಆರ್ 80 ಜಿ/ಎಸ್’ ಎಂಬುದನ್ನು ಹೊರತಂದರು. 800 ಸಿ.ಸಿ. ಎಂಜಿನ್, ಟ್ಯಾಂಕು ತುಂಬಿದಾಗ ತೂಕ 186 ಕಿಲೋ. ಹಿಂದಿನ ಚಕ್ರವನ್ನು ಎರಡು ತೋಳುಗಳ ನಡುವೆ ಹಿಡಿಯುವ ರೂಢಿಯನ್ನು ಬಿಟ್ಟು ಒಂದೇ ತೋಳಿಗೆ ಕೂಡಿಸಿದ್ದರು. ಮರುವರ್ಷವೇ ಹ್ಯೂಬರ್ಟ್ ಓರಿಯೋಲ್ ಬಿ.ಎಂ.ಡಬ್ಲ್ಯು. ಏರಿ ಪ್ಯಾರಿಸ್-ಡಾಕಾರ್ ಮರುಭೂಮಿ ಪಂದ್ಯವನ್ನು ಗೆದ್ದರು.

ಮುಂದಿನದು ಸಂಸಾರ ಬೆಳೆದ ಮನೆಯ ಕಥೆ. 1994ರ 1100 ಸಿ.ಸಿ. ಅವತರಣಿಕೆ 243 ಕಿಲೋ. 1999ರ 1150, 249 ಕಿಲೋ. ದೊಡ್ಡ ಎಂಜಿನ್, ಇಂಧನ ಚಿಮ್ಮಿಸುವ ವ್ಯವಸ್ಥೆ, ಚಕ್ರ ಜಾರದಂತೆ ಕಾಯುವ ಬ್ರೇಕು: ಒಂದೊಂದಕ್ಕೂ ಒಳ್ಳೆಯ ಸಮರ್ಥನೆಯಿತ್ತು. 2004ರಲ್ಲಿ ಎಲ್ಲವನ್ನೂ ಹೊಸದಾಗಿ ಎಣಿಸಿ ಸುಮಾರು 225ಕ್ಕೆ ಇಳಿಸಿದರು. 2018ರಲ್ಲಿ ಬಂದ 1250 ಮತ್ತೆ 249! 2023ರ 1300ರಲ್ಲಿ ಪುನಃ ಹನ್ನೆರಡು ಕಿಲೋ ಇಳಿಯಿತು. ಇಷ್ಟು ಪ್ರಯಾಸದಿಂದ ಎಂಜಿನಿಯರು ಉಳಿಸಿದ ಹನ್ನೆರಡು ಕಿಲೋವನ್ನು ಸವಾರರು ಲೋಹದ ಪಕ್ಕದ ಪೆಟ್ಟಿಗೆಗಳನ್ನು ಸಿಕ್ಕಿಸಿ ಒಂದು ಸಂಜೆಯಲ್ಲಿ ಕಳೆಯುತ್ತಾರೆ. ಕಾರ್ಖಾನೆಗೆ ಲೋಹದ ತೂಕ ಗೊತ್ತು. ‘ಇರಲಿ, ಬೇಕಾದೀತು’ ಎಂಬ ನಮ್ಮ ಅಳುಕಿನ ತೂಕ ಗೊತ್ತಿಲ್ಲ.

2004ರಲ್ಲಿಯೇ ಈವಾನ್ ಮೆಕ್‌ಗ್ರೆಗರ್, ಚಾರ್ಲಿ ಬೂರ್‌ಮನ್ ಎಂಬ ಇಬ್ಬರು ನಟರು ಲಂಡನ್ನಿನಿಂದ ಪೂರ್ವಾಭಿಮುಖವಾಗಿ ನ್ಯೂಯಾರ್ಕಿಗೆ ಹೊರಟರು. ಏರಿದ್ದು ಹಳೆಯ, ಭಾರವಾದ 1150ರ ಮಾದರಿಯನ್ನು. ಅದರ ಮೇಲೆ ಪೆಟ್ಟಿಗೆ, ಡೇರೆ, ಛಾಯಾಗ್ರಹಣದ ಸಲಕರಣೆ. ಮಂಗೋಲಿಯಾದ ಕೆಸರಿನಲ್ಲಿ ಬೀಳುವುದು, ಎತ್ತುವುದು, ಮತ್ತೆ ಬೀಳುವುದು. ಜೊತೆಗಿದ್ದ ಛಾಯಾಗ್ರಾಹಕ ಕ್ಲಾಡಿಯೋ ಫಾನ್ ಪ್ಲಾಂಟಾರ ವಾಹನದ ಚೌಕಟ್ಟೇ ಮುರಿಯಿತು. ಅಲ್ಲಿಯೇ ಅವರಿಗೆ ಕೊಂಡದ್ದು ರಷ್ಯಾದ ಇಷೆವ್‌ಸ್ಕ್ ಊರಿನಲ್ಲಿ ತಯಾರಾದ ‘ಪ್ಲಾನೆಟಾ’: 350 ಸಿ.ಸಿ.ಯ, ಒಂದೇ ಸಿಲಿಂಡರಿನ ಬಡ ಯಂತ್ರ. ನಮ್ಮ ಯೆಜ್ಡಿಯಂತೆಯೇ ಎಣ್ಣೆ ಬೆರೆಸಿದ ಪೆಟ್ರೋಲ್ ಕುಡಿಯುವ ಜಾತಿ. ಅದೂ ಕೆಡದೆ ಇರಲಿಲ್ಲ. ಆದರೆ ಬಿದ್ದರೆ ಒಬ್ಬನೇ ಎತ್ತಿ ನಿಲ್ಲಿಸಬಹುದಾಗಿತ್ತು. ದೂರದ ಸವಾರಿಗೆ ಇದಕ್ಕಿಂತ ದೊಡ್ಡ ಅರ್ಹತೆಯನ್ನು ನಾನು ಕಾಣೆ.

ಮಿತ್ರರು ಈಗಿಲ್ಲ. ಅವರ ಮಗ ಕಳೆದ ಬೇಸಗೆಯಲ್ಲಿ ಲಡಾಖಿಗೆ ಹೊರಡುವ ಮುನ್ನ ನಮ್ಮ ಮನೆಗೆ ಬಂದು, “ಏನು ಬಿಡಲಿ, ಸಾರ್?” ಎಂದು ಕೇಳಿದ. ಚೀಲದಲ್ಲಿದ್ದುದನ್ನೆಲ್ಲ ಚಾಪೆಯ ಮೇಲೆ ಹರವಿ ಕುಳಿತೆವು. ಅವನು ಹೋದ ಮೇಲೆ ಎಂಟನೆಯ ಸಂಪುಟವನ್ನು ಕಪಾಟಿನಿಂದ ತೆಗೆದೆ. ರಟ್ಟಿನ ಮೂಲೆ ಇನ್ನೂ ಜಜ್ಜಿಕೊಂಡೇ ಇದೆ. ಹುಂಚಕ್ಕೆ ಸಂಬಂಧಿಸಿದ ಪುಟಗಳನ್ನು ಎಣಿಸಿ ನೋಡಿದೆ. ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟಿದ್ದವು.