ಹೆಂಡದ ಸುಂಕ ಹೋಯಿತು, ಮಾರಾಟ ತೆರಿಗೆ ಬಂತು



ವರ್ಷಕ್ಕೊಮ್ಮೆ ಬಜೆಟ್ ಮಂಡನೆಯಾದ ಮೇಲೆ ಶಾಸಕರು ಊರಿಗೆ ಬರುತ್ತಾರೆ. ಯಾವ ತೆರಿಗೆ ಏರಿತು, ಯಾವುದು ಇಳಿಯಿತು, ನಮ್ಮ ತಾಲ್ಲೂಕಿಗೆ ಏನು ಬಂತು ಎಂದು ಹೇಳುತ್ತಾರೆ. ನಾವು ಕೇಳಿ ತಲೆಯಾಡಿಸಿ ಮನೆಗೆ ಹೋಗುತ್ತೇವೆ. ತೆರಿಗೆಯೆಂದರೆ ಮದ್ರಾಸಿನಲ್ಲೋ ದಿಲ್ಲಿಯಲ್ಲೋ ಹುಟ್ಟಿ ನಮ್ಮ ಮೇಲೆ ಬೀಳುವ ವಸ್ತು ಎಂದೇ ನಮ್ಮ ಎಣಿಕೆ. ಆದರೆ ಇಂಡಿಯಾ ದೇಶಕ್ಕೆಲ್ಲ ಹಬ್ಬಿದ ಒಂದು ದೊಡ್ಡ ತೆರಿಗೆಯ ಬೇರು ನಮ್ಮದೇ ಜಿಲ್ಲೆಯಲ್ಲಿ ಇದೆ. ಅದು ಹುಟ್ಟಿದ್ದು ಜನ ದುಡಿಮೆ ಮುಗಿಸಿ ಸಂಜೆ ಹೊತ್ತು ಕಳೆಯುವುದು ಹೇಗೆ ಎಂಬ ಪ್ರಶ್ನೆಯಿಂದ. ಆ ಸಂಗತಿಯನ್ನು ಇಂದು ನೆನೆಯೋಣ.

ಕಾರಿಮಂಗಲಂ, ಪಾಲಕೋಡು, ಪೆನ್ನಾಗರಂ, ಕೃಷ್ಣಗಿರಿ, ಹೊಸೂರು, ಇವೆಲ್ಲ ಆ ಕಾಲದಲ್ಲಿ ಒಂದೇ ಸೇಲಂ ಜಿಲ್ಲೆಗೆ ಸೇರಿದ್ದವು. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ, ಕೃಷ್ಣಗಿರಿ ಅದರಿಂದ ಬೇರೆಯಾದದ್ದು 2004ರಲ್ಲಿ. ಇನ್ನೂ ಹಿಂದಕ್ಕೆ ಹೋದರೆ ಇದು ಬಾರಾಮಹಲ್ ಸೀಮೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನಿಂದ ಈ ಸೀಮೆ ಕಂಪನಿ ಸರ್ಕಾರದ ಕೈಗೆ ಹೋಯಿತು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮತ್ತು ಅವನ ಕೈಕೆಳಗಿದ್ದ ಥಾಮಸ್ ಮನ್ರೋ ಇಲ್ಲಿ ಹೊಲಹೊಲವನ್ನೂ ಅಳೆಸಿ, ರೈತನ ಹೆಸರಿಗೇ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಬೆಳೆಸಿದರು. ಮುಂದೆ ಮದ್ರಾಸ್ ಪ್ರಾಂತ್ಯದ ಬಹುಭಾಗಕ್ಕೆ ಅದೇ ಪದ್ಧತಿ ಹಬ್ಬಿತು. ಅಂದರೆ ತೆರಿಗೆಯ ಪ್ರಯೋಗಕ್ಕೆ ನಮ್ಮ ನೆಲ ಹೊಸದಲ್ಲ.

ಭೂಕಂದಾಯದ ಜೊತೆಗೆ ಸರ್ಕಾರದ ಬೊಕ್ಕಸ ತುಂಬುತ್ತಿದ್ದದ್ದು ಅಬಕಾರಿ ಸುಂಕ. ಹೆಂಡ ಇಳಿಸುವ ಒಂದೊಂದು ಮರಕ್ಕೂ ತೆರಿಗೆ, ಹೆಂಡದಂಗಡಿಗೆ ಹರಾಜು, ಸಾರಾಯಿಗೆ ಸುಂಕ. 1930ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಆದಾಯದ ಕಾಲುಭಾಗದಷ್ಟು ಈ ಬಾಬಿನಿಂದಲೇ ಬರುತ್ತಿತ್ತು. ಇದನ್ನು ಕೊಡುತ್ತಿದ್ದವರು ಯಾರು? ಹೆಚ್ಚಿನವರು ಕೂಲಿಯವರು, ಸಣ್ಣ ಬೇಸಾಯಗಾರರು, ನೇಯ್ಗೆಯವರು. ಆಗ ಮತದಾನದ ಹಕ್ಕು ಆಸ್ತಿ, ತೆರಿಗೆ ಪಾವತಿ, ಓದುಬರಹ ಮೊದಲಾದ ಅರ್ಹತೆ ಇದ್ದವರಿಗೆ ಮಾತ್ರ. ಹೆಂಡದಂಗಡಿಯಲ್ಲಿ ದಿನವೂ ಸರ್ಕಾರಕ್ಕೆ ಕಾಸು ಕೊಡುತ್ತಿದ್ದ ಕೂಲಿಯಾಳಿಗೆ ಮತ ಇರಲಿಲ್ಲ. ಅವನು ಕೊಡುತ್ತಿದ್ದದ್ದನ್ನು ಯಾರೂ ತೆರಿಗೆ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ.

ಇಂಥ ಕಾಲದಲ್ಲಿ ಅಧಿಕಾರಕ್ಕೆ ಬಂದವರು ಚಕ್ರವರ್ತಿ ರಾಜಗೋಪಾಲಾಚಾರಿ, ಎಲ್ಲರ ಬಾಯಲ್ಲಿ ರಾಜಾಜಿ. ಅವರು ಹುಟ್ಟಿದ್ದು 1878ರಲ್ಲಿ, ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಂನಲ್ಲಿ ವಕೀಲರಾಗಿ, 1917ರಲ್ಲಿ ಅಲ್ಲಿನ ಮುನಿಸಿಪಾಲಿಟಿ ಅಧ್ಯಕ್ಷರಾದರು. 1925ರಲ್ಲಿ ತಿರುಚೆಂಗೋಡಿನ ಬಳಿ ಗಾಂಧಿ ಆಶ್ರಮ ಕಟ್ಟಿದರು. ಕುಡಿತದ ವಿರುದ್ಧ 'ವಿಮೋಚನಂ' ಎಂಬ ತಮಿಳು ಪತ್ರಿಕೆಯನ್ನೇ ನಡೆಸಿದರು. 1937ರ ಜುಲೈ ತಿಂಗಳಲ್ಲಿ ಅವರು ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದರು. ಆಗ ಪ್ರಾಂತ್ಯದ ಮುಖ್ಯಸ್ಥರನ್ನು ಹಾಗೆಯೇ ಕರೆಯುತ್ತಿದ್ದರು. ಹಣಕಾಸಿನ ಖಾತೆಯನ್ನೂ ಅವರೇ ಇಟ್ಟುಕೊಂಡರು.

ಮೂರು ತಿಂಗಳೊಳಗೆ ಪಾನನಿರೋಧ ಕಾನೂನು ಬಂತು. ಪ್ರಾಂತ್ಯಕ್ಕೆಲ್ಲ ಒಮ್ಮೆಗೇ ಅಲ್ಲ, ಮೊದಲು ಒಂದೇ ಜಿಲ್ಲೆಯಲ್ಲಿ. ಆ ಜಿಲ್ಲೆ ರಾಜಾಜಿಯವರ ಸ್ವಂತ ಸೇಲಂ. 1937ರ ಅಕ್ಟೋಬರ್ 1ರಿಂದ ಜಿಲ್ಲೆಯ ಹೆಂಡ, ಸಾರಾಯಿ ಅಂಗಡಿಗಳೆಲ್ಲ ಬಾಗಿಲು ಮುಚ್ಚಿದವು.

ತಿಂಗಳನ್ನು ಗಮನಿಸಿ. ಅಕ್ಟೋಬರ್ ಎಂದರೆ ಹಿಂಗಾರು ಮಳೆ ಹಿಡಿಯುವ ಕಾಲ. ಅದರ ಹಿಂದೆಯೇ ಚಳಿ. ಕಾರ್ತಿಕ, ಮಾರ್ಗಶಿರದಲ್ಲಿ ರಾಗಿ ಕೊಯ್ಲು, ಕಣ, ಒಕ್ಕಣೆ. ಕೈಯಲ್ಲಿ ನಾಲ್ಕು ಕಾಸು ಆಡುವುದು ಆಗಲೇ, ಕೆಲಸ ಹಗುರವಾಗುವುದೂ ಆಗಲೇ. ಕತ್ತಲೆ ಬೇಗ ಕವಿಯುತ್ತದೆ, ಮೈ ನಡುಗುತ್ತದೆ, ರಾತ್ರಿ ಉದ್ದ. ವರ್ಷವೆಲ್ಲ ದುಡಿದವನಿಗೆ ಹೆಂಡದಂಗಡಿಯ ಮುಂದಿನ ಬಯಲು ಬರೀ ಕುಡಿಯುವ ಜಾಗವಾಗಿರಲಿಲ್ಲ. ಜೊತೆಗಾರರು ಸಿಕ್ಕುವ ಜಾಗವೂ ಆಗಿತ್ತು. ಅದನ್ನು ಕಿತ್ತುಕೊಂಡರೆ ಅದರ ಬದಲಿಗೆ ಏನು ಕೊಡುವುದು?

ಈ ಪ್ರಶ್ನೆಯನ್ನು ಸರ್ಕಾರ ಕಡೆಗಣಿಸಲಿಲ್ಲ. ಊರುಗಳಲ್ಲಿ ಆಟೋಟ, ಭಜನೆ, ನಾಟಕಗಳಿಗೆ ಪ್ರೋತ್ಸಾಹ ದೊರೆಯಿತು. ಚಹಾ, ಕಾಫಿ ಅಂಗಡಿಗಳು ಹೆಚ್ಚಿದವು. ಮರ ಹತ್ತುವ ಕಸುಬಿನವರಿಗೆ, ಮಡಕೆಗೆ ಸುಣ್ಣ ಬಳಿದು ಹುಳಿಯಾಗದಂತೆ ಸಿಹಿನೀರು ಇಳಿಸಿ ಬೆಲ್ಲ ಕಾಸುವ ದಾರಿ ತೋರಿಸಿದರು. ಆ ಕಸುಬಿನವರೆಲ್ಲರ ಹೊಟ್ಟೆ ಅದರಿಂದ ತುಂಬಿತೆಂದು ಹೇಳಲಾಗದು. ಆದರೆ ಮನೆಗೆ ಬರುವ ಕೂಲಿ ಪೂರ್ತಿ ಬರತೊಡಗಿತೆಂದು ಹೆಂಗಸರು ನೆಮ್ಮದಿಪಟ್ಟದ್ದೂ ನಿಜ. ಮದ್ರಾಸ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಪಿ.ಜೆ. ಥಾಮಸ್ ಅವರು ಸೇಲಂ ಜಿಲ್ಲೆಯಲ್ಲಿ ಪಾನನಿರೋಧದ ಆರ್ಥಿಕ ಫಲವೇನೆಂಬುದನ್ನು ಸಮೀಕ್ಷೆ ಮಾಡಿ ವರದಿ ಬರೆದರು.

ನಮ್ಮ ಗಡಿಯವರಿಗೆ ಇನ್ನೊಂದು ಮಾತೂ ಇತ್ತು. ಹೊಸೂರು ತಾಲ್ಲೂಕಿನ ಅಂಚು ದಾಟಿದರೆ ಮೈಸೂರು ಸಂಸ್ಥಾನ. ಅಲ್ಲಿ ಅಂಗಡಿಗಳು ತೆರೆದೇ ಇದ್ದವು. ಈಚೆ ಕಾನೂನು ಒಂದು, ಆಚೆ ಇನ್ನೊಂದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಮಗೆ ಗಡಿಗೆರೆಯ ಎರಡು ಮುಖ ಹೊಸದೇನಲ್ಲ.

ಇನ್ನು ಲೆಕ್ಕದ ಮಾತು. 1938ರಲ್ಲಿ ಚಿತ್ತೂರು, ಕಡಪ ಜಿಲ್ಲೆಗಳಿಗೆ, 1939ರಲ್ಲಿ ಉತ್ತರ ಆರ್ಕಾಟಿಗೆ ಪಾನನಿರೋಧ ವಿಸ್ತರಿಸಿತು. ಒಂದೊಂದು ಜಿಲ್ಲೆ ಸೇರಿದಂತೆಲ್ಲ ಬೊಕ್ಕಸದಲ್ಲಿ ತೂತು ದೊಡ್ಡದಾಯಿತು. ಭೂಕಂದಾಯ ಏರಿಸೋಣವೆಂದರೆ ರೈತನೇ ಸೋತಿದ್ದಾನೆ. ಆಗ ರಾಜಾಜಿಯವರ ಕಣ್ಣಿಗೆ ಬಿದ್ದದ್ದು 1935ರ ಇಂಡಿಯಾ ಸರ್ಕಾರದ ಕಾಯಿದೆ ಪ್ರಾಂತ್ಯಗಳಿಗೆ ಕೊಟ್ಟಿದ್ದ ಒಂದು ಅಧಿಕಾರ: ಸರಕಿನ ಮಾರಾಟದ ಮೇಲೆ ತೆರಿಗೆ. 1939ರಲ್ಲಿ ಮದ್ರಾಸ್ ಸಾಮಾನ್ಯ ಮಾರಾಟ ತೆರಿಗೆ ಕಾಯಿದೆ ಬಂತು. ಎಲ್ಲ ಬಗೆಯ ಸರಕಿಗೂ ಅನ್ವಯಿಸುವ ಮಾರಾಟ ತೆರಿಗೆ ಇಂಡಿಯಾದಲ್ಲಿ ಅದೇ ಮೊದಲು.

ತೆರಿಗೆಯ ದರ ಇಂದಿನವರಿಗೆ ನಗು ತರಿಸೀತು. ವರ್ಷಕ್ಕೆ 10,000 ರೂಪಾಯಿಗಿಂತ ಕಡಿಮೆ ವಹಿವಾಟಿನ ಅಂಗಡಿಗೆ ತೆರಿಗೆಯೇ ಇಲ್ಲ. 20,000 ರೂಪಾಯಿವರೆಗೆ ತಿಂಗಳಿಗೆ 5 ರೂಪಾಯಿ. ಅದಕ್ಕೂ ಮೇಲ್ಪಟ್ಟರೆ ಒಟ್ಟು ವಹಿವಾಟಿನ ಮೇಲೆ ನೂರಕ್ಕೆ ಅರ್ಧ ರೂಪಾಯಿ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಒಂದು ರೂಪಾಯಿ ಸರಕಿಗೆ ತೆರಿಗೆ ಒಂದು ಪೈ ಕೂಡ ಆಗುತ್ತಿರಲಿಲ್ಲ. ಆದರೂ ವರ್ತಕರು ಬಲವಾಗಿ ವಿರೋಧಿಸಿದರು. ಕೊನೆಗೆ ಕೊಡುವವನು ಗಿರಾಕಿಯೇ ಎಂಬ ವಾದವೂ ಎದ್ದಿತು. ಆ ವಾದ ಸುಳ್ಳಾಗಿರಲಿಲ್ಲ. ಕುಡಿಯುವವನು ಕೊಡುತ್ತಿದ್ದ ಹಣವನ್ನು ಇನ್ನು ಮುಂದೆ ಉಪ್ಪು, ಎಣ್ಣೆ, ಬಟ್ಟೆ ಕೊಳ್ಳುವವರೆಲ್ಲ ಹಂಚಿಕೊಂಡು ಕೊಡಬೇಕಾಯಿತು. ಕುಡಿಯದವನ ಮನೆಗೂ ತೆರಿಗೆ ಬಂತು.

ವಿಷಯ ನ್ಯಾಯಾಲಯಕ್ಕೂ ಹೋಯಿತು. ಕಡಲೆಕಾಯಿ ಎಣ್ಣೆ ಮತ್ತು ಹಿಂಡಿ ತಯಾರಿಸುತ್ತಿದ್ದ ಬೊಡ್ಡು ಪೈದಣ್ಣ ಎಂಬ ವ್ಯಾಪಾರ ಸಂಸ್ಥೆಯ ಮೊಕದ್ದಮೆಯಲ್ಲಿ, ತಯಾರಿಕೆಯ ಮೇಲಿನ ಸುಂಕ ಬೇರೆ, ಮಾರಾಟದ ಮೇಲಿನ ತೆರಿಗೆ ಬೇರೆ, ಎರಡನೆಯದು ಪ್ರಾಂತ್ಯದ ಹಕ್ಕು ಎಂದು ಫೆಡರಲ್ ಕೋರ್ಟು 1942ರಲ್ಲಿ ತೀರ್ಪಿತ್ತಿತು. 1945ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಆ ಅಭಿಪ್ರಾಯವನ್ನೇ ಎತ್ತಿಹಿಡಿಯಿತು. ಮಿಕ್ಕ ಪ್ರಾಂತ್ಯಗಳು ಒಂದೊಂದಾಗಿ ಅದೇ ದಾರಿ ಹಿಡಿದವು. ಮೈಸೂರಿನಲ್ಲಿ ಮಾರಾಟ ತೆರಿಗೆ ಕಾಯಿದೆ ಬಂದದ್ದು 1948ರಲ್ಲಿ.

ಅದೇ 1939ರಲ್ಲಿ ಇನ್ನೊಂದು ಕಾಯಿದೆಯೂ ಬಂತು, ಮನರಂಜನಾ ತೆರಿಗೆ. ಸಿನಿಮಾ, ನಾಟಕ, ಸರ್ಕಸ್ಸು, ಆಟದ ಪಂದ್ಯ, ಹಣ ಕೊಟ್ಟು ಒಳಗೆ ಹೋಗುವ ಯಾವುದಕ್ಕೇ ಆಗಲಿ ಟಿಕೆಟ್ಟಿನ ಜೊತೆಗೆ ತೆರಿಗೆ. ಒಂದು ಕೈ ಜನರಿಗೆ ಕುಡಿತ ಬಿಟ್ಟು ಬೇರೆ ವಿನೋದ ಹುಡುಕಿಕೊಳ್ಳಿ ಎಂದಿತು; ಇನ್ನೊಂದು ಕೈ ಆ ವಿನೋದದ ಬಾಗಿಲಲ್ಲಿ ಕಾಸು ಕೇಳಿತು. ಆದರೆ ಈ ತೆರಿಗೆ ಇದ್ದದ್ದು ಪ್ರವೇಶದ ಹಣದ ಮೇಲೆ. ಟೆಂಟ್ ಸಿನಿಮಾಕ್ಕೆ ಹೋದವನು ಕೊಟ್ಟ. ಬಯಲಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ಕೂತ್ತು ನೋಡಿದವನು ಏನೂ ಕೊಡಬೇಕಾಗಿರಲಿಲ್ಲ. ಬೆಳುದಿಂಗಳ ಕೋಲಾಟ, ಸಡುಗುಡು, ಧನುರ್ಮಾಸದ ಭಜನೆ, ಸಂಕ್ರಾಂತಿಯಲ್ಲಿ ಎತ್ತು ಬಿಡುವ ಹಬ್ಬ, ಇವಕ್ಕೆ ಬೇಲಿಯಿಲ್ಲ, ಟಿಕೆಟ್ಟಿಲ್ಲ, ತೆರಿಗೆಯೂ ಇಲ್ಲ. ನಮ್ಮ ಚಳಿಗಾಲದ ಬಯಲಾಟಗಳು ಸರ್ಕಾರದ ಲೆಕ್ಕದ ಪುಸ್ತಕದ ಹೊರಗೇ ಉಳಿದವು.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. 1939ರ ಅಕ್ಟೋಬರ್ ಕೊನೆಗೆ, ಯುದ್ಧದ ಪ್ರಶ್ನೆಯ ಮೇಲೆ ರಾಜಾಜಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಯುದ್ಧದ ನಡುವೆ ಗವರ್ನರ್ ಆಡಳಿತ ಪಾನನಿರೋಧವನ್ನು ನಿಲ್ಲಿಸಿತು. ಹೆಂಡದಂಗಡಿಗಳು ಮತ್ತೆ ತೆರೆದವು. ಆದರೆ ಅದರ ಬದಲಿಗೆಂದು ಬಂದ ಮಾರಾಟ ತೆರಿಗೆ ಹೋಗಲಿಲ್ಲ! 1946ರಲ್ಲಿ ಪಾನನಿರೋಧ ಮರಳಿ ಬಂದು, 1948ರ ಅಕ್ಟೋಬರ್ 2ಕ್ಕೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. 1971ರಲ್ಲಿ ತಮಿಳುನಾಡು ಸರ್ಕಾರ ಅದನ್ನು ತೆಗೆಯಹೊರಟಾಗ ಮುಪ್ಪಿನ ರಾಜಾಜಿ ಬೇಡವೆಂದು ಮುಖ್ಯಮಂತ್ರಿ ಕರುಣಾನಿಧಿಯವರನ್ನು ಕೇಳಿಕೊಂಡರು. ಮಾತು ನಡೆಯಲಿಲ್ಲ. 1974ರಲ್ಲಿ ಮತ್ತೆ ನಿಷೇಧ, 1981ರಲ್ಲಿ ಮತ್ತೆ ಸಡಿಲ. 1983ರಲ್ಲಿ ಮದ್ಯದ ಸಗಟು ವ್ಯಾಪಾರಕ್ಕೆ ಸರ್ಕಾರವೇ ಟಾಸ್ಮಾಕ್ ಸಂಸ್ಥೆ ಕಟ್ಟಿತು. 2003ರಿಂದ ಚಿಲ್ಲರೆ ಅಂಗಡಿಗಳೂ ಅದರ ಕೈಗೆ ಬಂದವು. ಗಡಿಯಾಚೆ ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು, ಬೇರೆ ಮದ್ಯ ಉಳಿಯಿತು.

ಇತ್ತ ಮಾರಾಟ ತೆರಿಗೆ ತಮಿಳುನಾಡಿನಲ್ಲಿ 2007ರಲ್ಲಿ ವ್ಯಾಟ್ ಆಯಿತು. 2017ರ ಜುಲೈ 1ರಂದು ದೇಶಕ್ಕೆಲ್ಲ ಒಂದೇ ಜಿಎಸ್‌ಟಿಯಾಗಿ ಬೆಳೆಯಿತು. ಹಳೆಯ ಮನರಂಜನಾ ತೆರಿಗೆಯೂ ಅದರೊಳಗೆ ಸೇರಿಹೋಯಿತು; ಸ್ಥಳೀಯ ಸಂಸ್ಥೆಗಳ ಪಾಲಿಗೆ ಸಿನಿಮಾ ಟಿಕೆಟ್ಟಿನ ಮೇಲೆ ಒಂದು ತುಂಡು ಮಾತ್ರ ಉಳಿಯಿತು. ಆದರೆ ಕುಡಿಯುವ ಮದ್ಯವನ್ನು ಜಿಎಸ್‌ಟಿಯ ಹೊರಗೇ ಇಟ್ಟರು. ಅದರ ತೆರಿಗೆ ಇಂದಿಗೂ ರಾಜ್ಯದ ಕೈಯಲ್ಲೇ ಇದೆ. ಹೆಂಡದ ಹಣ ಬೇಡವೆಂದು ಮಾರಾಟ ತೆರಿಗೆ ತಂದೆವು. ಇಂದು ಮಾರಾಟ ತೆರಿಗೆಯ ಮೊಮ್ಮಗನೂ ಇದ್ದಾನೆ, ಮದ್ಯದ ಹಣವೂ ಇದೆ.

ರಾಜಾಜಿಯವರ ಪ್ರಯೋಗ ಸೋತಿತೋ ಗೆದ್ದಿತೋ ಎಂಬ ವಾದ ಮುಗಿಯುವಂಥದಲ್ಲ. ಒಂದು ಮಾತು ಮಾತ್ರ ಸ್ಪಷ್ಟ. ಒಂದರ ಬದಲಿಗೆ ಬಂದ ತೆರಿಗೆ, ಹಳೆಯದು ಮರಳಿ ಬಂದರೂ ತಾನು ಹೋಗುವುದಿಲ್ಲ. ಅದನ್ನು ಲೆಕ್ಕವಿಟ್ಟು ಕೇಳುವ ಕೆಲಸ ಕೊಡುವವನದು. 1937ರ ಕೂಲಿಯಾಳಿಗೆ ಕೇಳುವ ಮತ ಇರಲಿಲ್ಲ. ನಮಗೆ ಇದೆ. ಮುಂದಿನ ಸಲ ಶಾಸಕರು ಊರ ಕಟ್ಟೆಗೆ ಬಂದು ಬಜೆಟ್ಟಿನ ಲೆಕ್ಕ ಹೇಳುವಾಗ ಎರಡು ಪ್ರಶ್ನೆ ಕೇಳೋಣ. ನಮ್ಮ ತಾಲ್ಲೂಕಿನ ಜನ ಮದ್ಯದಂಗಡಿಯಲ್ಲಿ ಕೊಟ್ಟ ತೆರಿಗೆ ಎಷ್ಟು? ಅದರಲ್ಲಿ ನಮ್ಮ ಮಕ್ಕಳ ಆಟದ ಬಯಲಿಗೆ, ವಾಚನಾಲಯಕ್ಕೆ, ಕೂತ್ತಿನ ಅಟ್ಟಕ್ಕೆ ತಿರುಗಿ ಬಂದದ್ದು ಎಷ್ಟು?

ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದರೂ ಸರಿ, ತಮಿಳಿನಲ್ಲಿ ಕೇಳಿದರೂ ಸರಿ. ಲೆಕ್ಕಕ್ಕೆ ಭಾಷೆಯ ಭೇದವಿಲ್ಲ.