ಸೂಳಗಿರಿ: ಬೆಟ್ಟ, ಗುಡಿ, ಕಾಣದ ಅರಮನೆ

ಎದುರಿನ ಬೋಳು ಬಂಡೆಬೆಟ್ಟ ಶೂಲದಂತೆ ಚೂಪಾಗಿ ಕಾಣುವುದರಿಂದ ಊರಿಗೆ ಈ ಹೆಸರೆನ್ನುತ್ತಾರೆ. ಅದರ ನೆರಳಿನ ವರದರಾಜಸ್ವಾಮಿ ಗುಡಿಗೆ ಬಂದವರ ಬಾಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಸುತ್ತವೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಬೇರೆಯಿದೆ. ಹೊಯ್ಸಳರೆಂದರೆ ಬೇಲೂರು, ಹಳೇಬೀಡು ಎಂದು ನಿಲ್ಲುವವರು ಕುಂದಾಣಿಯ ಹೆಸರನ್ನೂ ಕೇಳಬೇಕು. ದೊರೆ ಸೋಮೇಶ್ವರನ ಕಾಲದ ಕೊನೆಗೆ, ಸುಮಾರು 1254ರಲ್ಲಿ, ರಾಜ್ಯ ಇಬ್ಬರು ಮಕ್ಕಳ ನಡುವೆ ಹಂಚಿಹೋಯಿತು. ಹಳೇಬೀಡು ಮೂರನೇ ನರಸಿಂಹನಿಗೆ, ತಮಿಳು ಸೀಮೆ ರಾಮನಾಥನಿಗೆ. ಶ್ರೀರಂಗದ ಹತ್ತಿರದ ಕಣ್ಣನೂರು ಪಾಂಡ್ಯರ ಪಾಲಾದ ಮೇಲೆ ರಾಮನಾಥ ಮೇಲಕ್ಕೆ ಸರಿದು, ಇದೇ ಸೀಮೆಯ ಕುಂದಾಣಿಯಲ್ಲಿ ನೆಲೆಯೂರಿದ. ಅವನು 1295ರಲ್ಲಿ ತೀರಿಕೊಂಡ. ಮಗ ವಿಶ್ವನಾಥನ ಆಳ್ವಿಕೆ ಹೆಚ್ಚು ದಿನ ನಡೆಯಲಿಲ್ಲ. ಮೂರನೇ ಬಲ್ಲಾಳ ಎರಡು ಪಾಲನ್ನೂ ಮತ್ತೆ ಕೂಡಿಸಿದ. ಅರಮನೆ ಹುಡುಕಿ ಹೊರಟವರಿಗೆ ಗೋಪುರ, ಕಂಬಗಳು ಸಿಗುವುದಿಲ್ಲ. ಇಲ್ಲಿ ಇತಿಹಾಸ ಉಳಿದಿರುವುದು ಶಾಸನಗಳ ಸಾಲುಗಳಲ್ಲಿ.

ಇನ್ನೂ ಹಿಂದಕ್ಕೆ ಹೋಗುವ ಮನಸ್ಸಿದ್ದರೆ ಕೃಷ್ಣಗಿರಿಯ ದಾರಿ ಹಿಡಿದು, ಹೆದ್ದಾರಿಯಿಂದ ಒಳಗಿರುವ ಮಲ್ಲಚಂದ್ರದ ಗುಡ್ಡ ಹತ್ತಿ. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಬೃಹತ್ ಶಿಲಾಯುಗದ ಕಲ್ಗೋರಿಗಳು ಅಲ್ಲಿವೆ. ಕೊಪ್ಪಳದ ಹಿರೇಬೆಣಕಲ್ಲಿನ ‘ಮೋರ್ಯರ ಮನೆ’ ನೋಡಿದವರಿಗೆ ಇವು ನೆಂಟರಂತೆ ತೋರುತ್ತವೆ. ಕೆಲವು ಚಪ್ಪಡಿಗಳ ಮೇಲೆ ಬಿಳಿ ಬಣ್ಣದ ಚಿತ್ರಗಳಿವೆ. ಕೈ ಸವರಿದರೆ ಬಣ್ಣ ಅಳಿಯುತ್ತದೆ, ದಯವಿಟ್ಟು ಮುಟ್ಟಬೇಡಿ.

ವೀರಗಲ್ಲುಗಳನ್ನು ಒಂದೇ ಕಡೆ ನೋಡಲು ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯ ಸರಿಯಾದ ಜಾಗ. ಹೊಸೂರಿನ ಬೆಟ್ಟದ ಚಂದ್ರಚೂಡೇಶ್ವರನಿಗೆ ಮಾತ್ರ ಬೆಳಗಿನ ಹೊತ್ತೇ ಚೆನ್ನ.